ನಾಲ್ಕು ಪೆಟ್ಟಿಗೆ ಎಳೆದ ಮಳೆಗಾಲ

ಹೋದ ವಾರ ಅಮದಳ್ಳಿಗೆ ಹೋಗಿದ್ದೆ. ಸಂಬಂಧದ ಮುದುಕಿಯೊಬ್ಬಳು ಸತ್ತಿದ್ದಳು, ಹನ್ನೆರಡನೇ ದಿನದ ಊಟ. ಉಂಡು ಬಸ್ಸಿಗೆ ನಡೆಯುವಾಗ ಮಳೆ ಬಂತು, ಕರೆಂಟು ಹೋಯಿತು, ಗುಡ್ಡೆಯ ಮೇಲಿನ ಫೋನ್ ಟವರಿನ ಬುಡದಲ್ಲಿ ಜನರೇಟರ್ ತನ್ನಷ್ಟಕ್ಕೆ ಶುರುವಾಯಿತು. ಸುಟ್ಟ ಡೀಸೆಲಿನ ವಾಸನೆ ಒದ್ದೆ ಗಾಳಿಯ ಜೊತೆ ರಸ್ತೆಗೆ ಇಳಿಯಿತು. ಜೊತೆಗಿದ್ದವಳು ಮೂಗಿಗೆ ಸೆರಗು ಹಿಡಿದಳು. ನಾನು ಹಿಡಿಯಲಿಲ್ಲ. ಆ ವಾಸನೆ ನನಗೆ ಹೊಲಸು ಅನಿಸುವುದಿಲ್ಲ, ರಕ್ತ ನೆನಪಾಗುತ್ತದೆ. ಅಷ್ಟೇ.

ಆ ಟವರಿನ ಕೋಣೆಯನ್ನು ಗುಡಿಸುತ್ತಿದ್ದವಳು ನಾನು. ನೌಕಾನೆಲೆಗೆಂದು ನಮ್ಮ ದಂಡೆ ಬಿಟ್ಟು ಕೊಟ್ಟು ಅಮದಳ್ಳಿಯ ಕಾಲೊನಿಗೆ ಬಂದು ಕೆಲವು ವರ್ಷ ಆಗಿತ್ತು. ಗಂಡ ಅಷ್ಟರೊಳಗೆ ಸತ್ತಿದ್ದ. ಮೀನು ಬುಟ್ಟಿ ಹೊತ್ತು ಮಾರುತ್ತಿದ್ದೆ. ಮೊಬೈಲ್ ಫೋನು ಎಲ್ಲರ ಕೈಗೆ ಬರಲು ಶುರುವಾದ ಕಾಲ ಅದು. ನನ್ನ ಕೈಯಲ್ಲಿ ಇರಲಿಲ್ಲ, ಆದರೆ ಟವರು ನನ್ನ ಮನೆಯ ಹಿಂದೆಯೇ ಬಂತು. ಕೋಣೆ ಗುಡಿಸಲು, ಉಪ್ಪಿನ ಪಸೆ ಒರೆಸಲು, ಇಲಿ ಏಡಿ ಓಡಿಸಲು ಒಬ್ಬ ಹೆಂಗಸು ಬೇಕು ಅಂದರು. ನಾನು ಹೋದೆ. ಬೀಗದ ಕೈ ನನ್ನ ಸೊಂಟದಲ್ಲಿ.

ಕೆಲಸ ಹೇಳಿಕೊಟ್ಟವನು ವಿನಾಯಕ, ಕುಮಟೆಯ ಕಡೆಯ ಹುಡುಗ, ಕಾರವಾರದ ಆಫೀಸಿನಿಂದ ಜೀಪಿನಲ್ಲಿ ಬಂದು ರಿಪೇರಿ ಮಾಡುವವನು. ಕೋಣೆಯಲ್ಲಿ ಕಬ್ಬಿಣದ ಒಂದು ಕಪಾಟು, ಅದರಲ್ಲಿ ಮೇಜಿನ ಡ್ರಾವರಿನ ಹಾಗೆ ನಾಲ್ಕು ಪೆಟ್ಟಿಗೆ. ಕಂಬದಿಂದ ಬಂದ ಕರೆಂಟನ್ನು ಬ್ಯಾಟರಿಗೂ ಟವರಿಗೂ ಬೇಕಾದಂತೆ ಪಳಗಿಸಿ ಕೊಡುವುದು ಅವುಗಳ ಕೆಲಸ. ಒಂದೊಂದರ ಮೂತಿಯ ಮೇಲೂ ಮೂರು ದೀಪ, ಸಿಗಡಿಯ ಕಣ್ಣಿನಷ್ಟು. ಮೇಲಿನ ಹಸಿರು ಉರಿದರೆ ಕರೆಂಟು ಒಳಗೆ ಬರುತ್ತಿದೆ. ನಡುವಿನ ಹಸಿರು ಉರಿದರೆ ಹೊರಗೆ ಸರಿಯಾಗಿ ಹೋಗುತ್ತಿದೆ. ಕೆಳಗಿನ ಕೆಂಪು ಉರಿದರೆ ಆ ಪೆಟ್ಟಿಗೆ ಕೈಬಿಟ್ಟಿತು ಎಂದು ಅರ್ಥ. ಬೆಳಿಗ್ಗೆ ಸಂಜೆ ನೋಡಬೇಕು, ಕೆಂಪು ಕಂಡರೆ ಹೆದ್ದಾರಿಯ ಅಂಗಡಿಯ ಕಾಯಿನ್ ಫೋನಿನಿಂದ ತಿಳಿಸಬೇಕು.

"ಒಂದು ಪೆಟ್ಟಿಗೆ ಬಿಟ್ರೆ ಉಳಿದ ಮೂರು ಅದರ ಭಾರ ಹಂಚಿಕೊಳ್ತವೆ ಶೇವಂತಿಬಾಯಿ. ಗೊತ್ತಾಯ್ತಾ?" ಅಂದ ವಿನಾಯಕ.

"ಅದ್ರಲ್ಲಿ ಗೊತ್ತಾಗೂಕೆ ಎಂತ ಅದೆ? ರಂಪಣಿ ಬಲೆ ಎಳಿಯುವಾಗ ಒಬ್ಬ ಕುಡ್ದು ಬಿದ್ರೆ ಉಳಿದವ್ರು ಎಳೀತ್ರು," ಅಂದೆ.

ಅವನಿಗೆ ಹುರುಪು ಬಂತು. ಪೆಟ್ಟಿಗೆಗಳ ಬೆನ್ನಿನಿಂದ ಹೊರಟ ಕೂದಲಿನಂಥ ವೈರುಗಳನ್ನು ತೋರಿಸಿದ. ಅವುಗಳಲ್ಲಿ ಕರೆಂಟು ಹೋಗುವುದಿಲ್ಲವಂತೆ, ಸುದ್ದಿ ಹೋಗುತ್ತದಂತೆ. ನಾನು ಸರಿ ಇದ್ದೇನೆ, ನಾನು ಸರಿ ಇಲ್ಲ ಎಂಬಷ್ಟೇ ಸುದ್ದಿ. ಕಪಾಟಿನ ತಲೆಯ ಮೇಲಿನ ಹಲಗೆ ಅದನ್ನು ಕೇಳಿ ಕಾರವಾರಕ್ಕೆ ಹೇಳುತ್ತದೆ. ಕಾರವಾರದವರು ಹಿಂದಕ್ಕೆ ಹುಕುಂ ಕೊಡುವುದಕ್ಕೂ ಒಂದು ವೈರು ಇದೆ. ಅವನು ತನ್ನ ಫೋನು ತೆಗೆದು, "ಮೂರನೇದು ಆಫ್ ಮಾಡಿ" ಅಂದ. ಯಾರೂ ಮುಟ್ಟಲಿಲ್ಲ. ಮೂರನೇ ಪೆಟ್ಟಿಗೆಯ ಹಸಿರು ಆರಿತು. ಮತ್ತೆ "ಆನ್" ಅಂದ. ಹತ್ತಿತು.

"ಇಂಥದೊಂದು ವೈರು ಗಂಡಸ್ರಿಗೂ ಇದ್ರೆ ಚಲೋ ಆಗ್ತಿತ್ತು. ಕೂತಲ್ಲಿಂದ ಆಫ್ ಮಾಡ್ಬಹುದಿತ್ತು," ಅಂದೆ. ಹುಡುಗ ನಕ್ಕ. ಅವನಿಗಿನ್ನೂ ಮದುವೆ ಆಗಿರಲಿಲ್ಲ.

ಇನ್ನೊಂದು ವೈರು ಗೋಡೆ ದಾಟಿ ಹೊರಗಿನ ತಗಡಿನ ಗುಡಿಸಲಿನಂಥ ಮಾಡಿಗೆ ಹೋಗುತ್ತಿತ್ತು. ಅಲ್ಲಿ ಜನರೇಟರು. ಕಂಬದ ಕರೆಂಟು ಹೋಯಿತೆಂಬ ಸುದ್ದಿ ಮುಟ್ಟಿದರೆ ಅದು ಸ್ವಲ್ಪ ಹೊತ್ತು ತಡೆದು ತಾನೇ ಶುರುವಾಗುತ್ತದೆ. "ಅದರ ಹತ್ತಿರ ಸೆರಗು ಬಿಟ್ಕೊಂಡು ಹೋಗ್ಬೇಡಿ. ಬೆಲ್ಟಿನ ಮುಂದಿದ್ದ ಕಬ್ಬಿಣದ ಜಾಲರಿ ತುಕ್ಕು ತಿಂದು ಹೋಗಿದೆ, ಹೊಸದು ಬರಬೇಕು," ಅಂದ. ನಿಲ್ಲಿಸಬೇಕಾದರೆ ಅಣಬೆಯಂಥ ಕೆಂಪು ಗುಂಡಿ ಗುದ್ದಬೇಕು ಎಂದೂ ತೋರಿಸಿದ.

ಒಂದು ದಿನ ಎರಡನೇ ಪೆಟ್ಟಿಗೆ ಕೆಂಪಾಯಿತು. ವಿನಾಯಕ ಬಂದು ಎರಡು ತಿರುಪು ಸಡಿಲಿಸಿ, ಹಿಡಿ ಹಿಡಿದು ಡ್ರಾವರಿನ ಹಾಗೆ ಎಳೆದುಬಿಟ್ಟ. ಉಳಿದವು ಓಡುತ್ತಲೇ ಇದ್ದವು. ಹಲಗೆಯ ಗಂಟೆ ಹೊಡೆಯಿತು, ಅಷ್ಟರಲ್ಲೇ ಅವನ ಫೋನು ಬಡಿಯಿತು, ಕಾರವಾರದವರು.

"ನಾಲ್ಕೂ ಒಟ್ಟಿಗೆ ಹೋದ್ರೆ?" ಕೇಳಿದೆ.

"ಉಣ್ಣುವ ಅನ್ನ ಬಿಟ್ಟು ಬರ್ತೇವೆ. ಬ್ಯಾಟರಿ ಖಾಲಿಯಾಗುವ ಮೊದಲು ಮುಟ್ಟಬೇಕಲ್ಲ," ಅಂದ.

ಇದು ಬೇಸಿಗೆಯ ಮಾತು. ಆಮೇಲೆ ಮಳೆ ಹಿಡಿಯಿತು.

ಮಳೆಗಾಲದಲ್ಲಿ ಟ್ರಾಲರು ಕಡಲಿಗೆ ಹೋಗುವಂತಿಲ್ಲ, ಸರಕಾರದ ಬಂದ್. ಗಂಡಸರೆಲ್ಲ ದಡದ ಮೇಲೆ. ಬಲೆ ಹೆಣೆಯುವವರು ಹೆಣೆಯುತ್ತಾರೆ, ಉಳಿದವರು ಕುಡಿಯುತ್ತಾರೆ. ಹೊರಗಿನವರಿಗೆ ಮಳೆ ಎಂದರೆ ಹಸಿರು. ನಮ್ಮ ಕೇರಿಯ ಹೆಂಗಸರಿಗೆ ಅದು ಪೆಟ್ಟು ತಿನ್ನುವ ಕಾಲ. ಒಂದೇ ಕೋಣೆ, ಒದ್ದೆ ಬಟ್ಟೆ, ಹೊಗೆ, ಕೆಲಸವಿಲ್ಲದ ಗಂಡಸು. ನಾನೂ ತಿಂದಿದ್ದೇನೆ. ಆದರೆ ನನ್ನ ಗಂಡ ಕೈಗೆ ಸಿಕ್ಕಿದ್ದು ಎಸೆಯುವವನು, ಗುರಿ ಇರಲಿಲ್ಲ. ನನ್ನ ಅಳಿಯ ದಾಮುವಿಗೆ ಗುರಿ ಇತ್ತು.

ನನಗೆ ಒಬ್ಬಳೇ ಮಗಳು, ರೇಣು. ಅಂಕೋಲೆ ತಾಲೂಕಿನ ಬೇಲೇಕೇರಿಗೆ ಕೊಟ್ಟಿದ್ದೆ. ದಾಮು ಟ್ರಾಲರಿನ ತಾಂಡೇಲ, ಅಂದರೆ ಬೋಟು ನಡೆಸುವ ಯಜಮಾನ. ಕಡಲಲ್ಲಿ ಎಂಟು ಜನ ಅವನ ಮಾತಿಗೆ ಕುಣಿಯುತ್ತಿದ್ದರು, ದಡದಲ್ಲಿ ರೇಣು ಒಬ್ಬಳು. ಹಿಂದಿನ ಮಳೆಗಾಲ ಅವಳು ಬಸುರಿ ಇದ್ದಾಗ ಹೊಟ್ಟೆಗೆ ಒದ್ದ. ಕೂಸು ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಜಾರಿ ಬಿದ್ದೆ ಅಂದಳು. ನಾನು ಅಲ್ಲೇ ನಿಂತಿದ್ದೆ. ಕಾಲಿನ ಗುರುತು ಹೊಟ್ಟೆಯ ಮೇಲೆ ಬೆರಳೆಣಿಸುವಷ್ಟು ಸರಿಯಾಗಿ ಇತ್ತು.

ಈ ಮಳೆಗಾಲ ಅವಳು ಮತ್ತೆ ಬಸುರಿ. ಬೋಟಿನ ಮಾಲಕ ಮುಂದಿನ ಸಲ ನೀನು ತಾಂಡೇಲ ಅಲ್ಲ ಎಂದು ದಾಮುವಿಗೆ ಹೇಳಿದ್ದನಂತೆ. ಆ ಸಿಟ್ಟು ಮಾಲಕನ ಮೇಲೆ ತೀರಿಸಲು ಆಗುವುದಿಲ್ಲ. ಒಂದು ಬೆಳಿಗ್ಗೆ ರೇಣು ನನ್ನ ಬಾಗಿಲಲ್ಲಿ ನಿಂತಿದ್ದಳು, ಕೊಡೆ ಇಲ್ಲ, ಚಪ್ಪಲಿ ಇಲ್ಲ, ಮುಂದಿನ ಎರಡು ಹಲ್ಲು ಇಲ್ಲ.

"ಹೊಟ್ಟೆ?" ಕೇಳಿದೆ.

"ಅದೆ. ಬೋರಲು ಮಲಗಿ ಬೆನ್ನು ಕೊಟ್ಟೆ," ಅಂದಳು.

ಎರಡು ದಿನ ಬಿಟ್ಟು ದಾಮು ಬಂದ. ಮೊದಲು ಕಟ್ಟೆಯ ಮೇಲೆ ಕೂತು ಬೀಡಿ ಸೇದಿ, "ಅತ್ತೆ, ಅವಳ್ನ ಕಳ್ಸಿ. ಗಂಡ ಹೆಂಡ್ತಿ ನಡುವೆ ಇದ್ದದ್ದೇ," ಅಂದ. ಕಳಿಸುವುದಿಲ್ಲ ಅಂದೆ. ಒಳಗೆ ನುಗ್ಗಿ ಅವಳ ಜಡೆ ಹಿಡಿದು ಹೊಸ್ತಿಲು ದಾಟಿಸಿದ. ಒಲೆಗೆಂದು ಇಟ್ಟ ತೆಂಗಿನ ಗರಿಯ ದಪ್ಪ ಬುಡ ನನ್ನ ಕೈಗೆ ಸಿಕ್ಕಿತು. ಅವನ ಕಿವಿಯ ಮೇಲೆ ಕೊಟ್ಟೆ. ಬಿದ್ದ. ಎದ್ದು ನನ್ನ ಮುಖಕ್ಕೆ ಗುದ್ದಿದ, ನಾನೂ ಬಿದ್ದೆ. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತು ನೋಡಿದರು. ಮೀನು ಪಾಲಿಗೆ ಬರುವವರು ಪೆಟ್ಟಿನ ಪಾಲಿಗೆ ಬರಲಿಲ್ಲ. ಅವನು ಕಿವಿಯ ರಕ್ತ ಒರೆಸಿಕೊಂಡು, "ನಾಳೆ ಕತ್ತಿ ತಕಂಡು ಬತ್ತೆ. ಅವಳ ಹೊಟ್ಟೆಲಿದ್ದದ್ದು ನಂದಲ್ಲ, ಸಿಗೀತೆ," ಅಂದ. ಕುಡಿದು ಹೇಳಿದ್ದರೆ ಬಿಡುತ್ತಿದ್ದೆ. ಬಾಯಲ್ಲಿ ಹೆಂಡದ ವಾಸನೆ ಇರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಬಂದ. ಮಳೆ ಜೋರಾಗಿತ್ತು. ಕಾಲೊನಿಯ ತಿರುವಿನಲ್ಲಿ ಅವನು ಲುಂಗಿ ಎತ್ತಿ ಕಟ್ಟಿ ಬರುವುದು ಕಂಡಿತು, ಕೈಯಲ್ಲಿ ತೆಂಗು ಸುಲಿಯುವ ಉದ್ದ ಕತ್ತಿ. ನನ್ನ ಮನೆಯ ಬಾಗಿಲು ಒಂದು ಒದೆತಕ್ಕೆ ಹೋಗುವಂಥದ್ದು. ಊರಲ್ಲಿ ಗಟ್ಟಿ ಬಾಗಿಲು ಒಂದೇ, ಟವರಿನ ಕೋಣೆಯದ್ದು, ಕಬ್ಬಿಣದ್ದು. ರೇಣುವಿನ ಕೈ ಹಿಡಿದು ಹಿಂಬದಿಯಿಂದ ಏರಿದೆ. ಕೆಸರಿನಲ್ಲಿ ಅವಳು ಜಾರಿದಳು, ಎಳೆದೆ. ನಾನು ಒಳಗಿನ ಚಿಲಕ ಜಡಿದೆ, ಅವನ ಮೊದಲನೇ ಏಟು ಬಾಗಿಲಿಗೆ ಬಿತ್ತು.

"ತೆಗಿ, ಮುದ್ಕಿ. ತೆಗೀತ್ಯೋ ಇಲ್ವೋ."

"ತೆಗಿಯೂದಿಲ್ಲ. ಮನೆಗೆ ಹೋಗು, ಮಳೆಯಲ್ಲಿ ನೆನ್ದು ಥಂಡಿ ಆಗ್ತದೆ," ಅಂದೆ.

ಕತ್ತಿ ಕಬ್ಬಿಣಕ್ಕೆ ಬೀಳುವ ಸದ್ದು ಆ ಚಿಕ್ಕ ಕೋಣೆಯಲ್ಲಿ ಹಲ್ಲಿಗೆ ತಾಗುತ್ತಿತ್ತು. ಚಿಲಕದ ಮೊಳೆಗಳಿಗೂ ತುಕ್ಕು ಹಿಡಿದಿತ್ತು, ಒಂದೊಂದು ಏಟಿಗೂ ಸುಣ್ಣ ಉದುರುತ್ತಿತ್ತು. ರೇಣು ಬ್ಯಾಟರಿಗಳ ಮೂಲೆಯಲ್ಲಿ ಹೊಟ್ಟೆಯನ್ನು ಎರಡು ಕೈಯಲ್ಲಿ ಮುಚ್ಚಿ ಕೂತಿದ್ದಳು. ಒಳಗೆ ಫೋನು ಇಲ್ಲ. ಫೋನಿನ ಟವರಿನ ಹೊಟ್ಟೆಯಲ್ಲಿ ಕೂತು ಯಾರನ್ನೂ ಕರೆಯಲು ಆಗುವುದಿಲ್ಲ. ಕಪಾಟಿನಲ್ಲಿ ಹಸಿರು ದೀಪಗಳು ಎಲ್ಲ ಸರಿ ಇದೆ, ಎಲ್ಲ ಸರಿ ಇದೆ ಎಂದು ಕಾರವಾರಕ್ಕೆ ಹೇಳುತ್ತಾ ಇದ್ದವು.

ನನಗೆ ಸಿಟ್ಟು ಬಂತು. ಸೊಂಟದಲ್ಲಿದ್ದ ಮೀನು ಕೊಯ್ಯುವ ಚೂರಿಯಿಂದ ಮೊದಲನೇ ಪೆಟ್ಟಿಗೆಯ ತಿರುಪು ಸಡಿಲಿಸಿ ಎಳೆದೆ. ಗಂಟೆ ಹೊಡೆಯಿತು. ಎರಡನೇದು ಎಳೆದೆ. ಮೂರನೇದರ ತಿರುಪು ಬಿಗಿ ಇತ್ತು, ಚೂರಿಯ ತುದಿ ಮುರಿಯಿತು, ಬೆರಳು ಸೀಳಿತು, ಮುರಿದ ತುದಿಯಿಂದಲೇ ತಿರುಗಿಸಿದೆ.

"ಆಯಿ, ಎಂತ ಮಾಡ್ತೆ? ಎಲ್ಲ ಹಾಳಾಗ್ತದೆ," ಅಂದಳು ರೇಣು.

"ಹಾಳಾಗ್ಲಿ. ಹಾಳಾದ್ರೇನೇ ಅವ್ರು ಬರೂದು."

ನಾಲ್ಕನೇದು ಎಳೆದಾಗ ಹಲಗೆಯ ಮೇಲೆ ದೊಡ್ಡ ಕೆಂಪು ದೀಪ ಹತ್ತಿತು. ಬ್ಯಾಟರಿಯ ಬಲದಲ್ಲಿ ಗಂಟೆ ನಿಲ್ಲದೆ ಹೊಡೆಯುತ್ತಿತ್ತು. ಹೊರಗೆ ಏಟು ನಿಂತಿತು.

ದಾಮು ಗಂಟೆಗೆ ಹೆದರಿದ. ಜನ ಸೇರುತ್ತಾರೆ ಎಂದು ಅವನ ಲೆಕ್ಕ. ಬೋಟಿನಲ್ಲಿ ಒಂದು ದೊಡ್ಡ ಸ್ವಿಚ್ಚು ಇರುತ್ತದೆ, ಅದನ್ನು ಕೆಳಗೆಳೆದರೆ ದೀಪ, ಸೈರನ್, ವೈರ್‌ಲೆಸ್ಸು, ಎಲ್ಲ ಸತ್ತಂತೆ. ಹೊರಗಿನ ಗೋಡೆಯ ಮೇಲೆ ಅಂಥದೇ ಹಿಡಿಕೆ ಅವನಿಗೆ ಕಂಡಿತು. ಅದನ್ನು ಎಳೆದ ಸದ್ದು ನನಗೆ ಕೇಳಿಸಿತು. ಕೋಣೆಯ ಟ್ಯೂಬ್‌ಲೈಟು ಹೋಯಿತು. ಗಂಟೆ ನಿಲ್ಲಲಿಲ್ಲ. ಅವನು ಒಂದು ಕೆಟ್ಟ ಬೈಗುಳ ಬೈದು ಜನರೇಟರಿನ ಮಾಡಿನ ಕಡೆ ಹೋದ. ಬಾಗಿಲು ಮೀಟಲು ಕಬ್ಬಿಣ ಬೇಕಿತ್ತು. ಬೋಟಿನ ಇಂಜಿನ್ನಿಗೆ ಕೈಯಿಂದ ತಿರುಗಿಸುವ ಹ್ಯಾಂಡಲು ಇರುತ್ತದೆ, ಚಕ್ರದ ಹತ್ತಿರವೇ ಸಿಕ್ಕಿಸಿರುತ್ತಾರೆ. ಹದಿನಾರು ವರ್ಷದಿಂದ ಬೋಟಿನಲ್ಲಿದ್ದವನು. ಮನುಷ್ಯ ತಿರುಗಿಸದೆ ಎದ್ದು ಕೂರುವ ಇಂಜಿನ್ನು ಅವನು ಕಂಡಿರಲಿಲ್ಲ. ಬೆಲ್ಟಿನ ಹಿಂದೆ ಕೈ ಹಾಕಿ ಹ್ಯಾಂಡಲು ತಡಕಾಡಿದ.

ಕರೆಂಟು ಹೋಯಿತೆಂದು ವೈರು ಹೇಳಿತು. ಇಂಜಿನ್ನು ಶುರುವಾಯಿತು.

ಮೊದಲು ಅದರ ಕೆಮ್ಮು ಕೇಳಿತು. ಆಮೇಲೆ ಅವನ ಕೂಗು. ಹಂದಿಯನ್ನು ಹಿಡಿದಾಗಲೂ ಅಂಥ ಕೂಗು ಕೇಳಿರಲಿಲ್ಲ. ರೇಣು ನನ್ನ ಸೆರಗು ಹಿಡಿದು, "ಹೋಗ್ಬೇಡ, ನಾಟಕ," ಅಂದಳು. ಬಾಗಿಲ ಸಂದಿಯಿಂದ ಡೀಸೆಲಿನ ಹೊಗೆ ಬರುತ್ತಿತ್ತು. ನಾಟಕಕ್ಕೆ ಇಂಜಿನ್ನು ಶುರುವಾಗುವುದಿಲ್ಲ. ಚಿಲಕ ತೆಗೆದೆ.

ಬಲಗೈ ಮಣಿಕಟ್ಟಿನ ಮೇಲಿನವರೆಗೆ ಒಳಗೆ ಹೋಗಿತ್ತು. ಇಂಜಿನ್ನು ಅವನನ್ನು ತನ್ನ ಮೈಗೆ ಅಪ್ಪಿಕೊಂಡು ಅಲುಗಾಡಿಸುತ್ತಿತ್ತು. ತಗಡಿನ ಗೋಡೆಗೆಲ್ಲ ರಕ್ತ ಚಿಮ್ಮಿತ್ತು. ಕತ್ತಿ ಅವನ ಕಾಲ ಹತ್ತಿರ ಬಿದ್ದಿತ್ತು. ಮೊದಲು ಕತ್ತಿಯನ್ನು ಕಾಲಿನಿಂದ ದೂರ ತಳ್ಳಿದೆ. ಆಮೇಲೆ ಕೆಂಪು ಗುಂಡಿ ಗುದ್ದಿದೆ. ಬೆಲ್ಟಿಗೆ ಸಿಕ್ಕಿದ ಮಾಂಸವನ್ನು ಬಿಡಿಸಿ, ಕೈ ಎನ್ನುವುದಕ್ಕೆ ಉಳಿದಿದ್ದನ್ನು ಹೊರಗೆ ತಂದು, ಮಾಡಿನ ಮೂಲೆಯಲ್ಲಿ ಬಿದ್ದಿದ್ದ ಬಲೆಯ ಹಗ್ಗದಿಂದ ಮೊಣಕೈಯ ಕೆಳಗೆ ಬಿಗಿದೆ. ಕರುಣೆಯಿಂದ ಮಾಡಿದೆ ಎಂದು ಯಾರೂ ತಿಳಿಯಬಾರದು. ಅವನು ಸತ್ತರೆ ನನ್ನ ಮಗಳನ್ನು ಗಂಡನನ್ನು ತಿಂದವಳು ಅನ್ನುತ್ತಿದ್ದರು.

"ಅತ್ತೆ, ಸಾಯ್ತೆ," ಅಂದ.

"ಸುಮ್ಗೆ ಬಿದ್ಕೋ. ಕೂಗಿದ್ರೆ ರಕ್ತ ಹೆಚ್ಚು ಹೋಗ್ತದೆ."

ಅರ್ಧ ಗಂಟೆ ಕಳೆದು ಜೀಪು ಗುಡ್ಡೆ ಹತ್ತಿತು. ವಿನಾಯಕ ನಿಜವಾಗಿಯೂ ಅನ್ನ ಬಿಟ್ಟು ಬಂದಿದ್ದ, ಬೆರಳಿಗೆ ಸಾರು ಅಂಟಿತ್ತು. ನಾಲ್ಕು ಪೆಟ್ಟಿಗೆ ಒಟ್ಟಿಗೆ ಸತ್ತ ಸುದ್ದಿಗೆ ಬಂದವನು ಅರ್ಧ ಸತ್ತ ಮನುಷ್ಯನನ್ನು ಹೊತ್ತುಕೊಂಡು ಕಾರವಾರದ ಆಸ್ಪತ್ರೆಗೆ ಹೋದ. ಮಗಳನ್ನು ಉಳಿಸಲು ಕರೆದ ಜೀಪು ಅವನನ್ನು ಉಳಿಸಿತು. ಇದಕ್ಕೆ ನಾನು ದೇವರನ್ನು ಬೈಯಲೂ ಇಲ್ಲ, ಹೊಗಳಲೂ ಇಲ್ಲ. ರೇಣುವಿಗೆ ಗಂಜಿ ಮಾಡಿ ಹಾಕಿದೆ. ಮಾಡಿಗೆ ಹೋಗಿ ರಕ್ತ ತೊಳೆದೆ, ನನ್ನ ಕೆಲಸ ಅದು.

ಕೈ ಉಳಿಯಲಿಲ್ಲ, ಮೊಣಕೈಯ ಕೆಳಗೆ ಕತ್ತರಿಸಿದರು. ಆ ಸುದ್ದಿ ಬಂದ ದಿನ ದಾಮುವಿನ ಅಣ್ಣ ಮೋಹನ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಬಂದು ನನ್ನ ಮನೆಗೆ ಕಲ್ಲು ತೂರಿದ. ಹೆಂಚು ಒಡೆಯಿತು, ಪಾತ್ರೆ ನೆಗ್ಗಿತು, ಒಂದು ಕಲ್ಲು ನನ್ನ ಭುಜದ ಮೂಳೆ ಮುರಿಯಿತು. ಮುದುಕಿ ಒಳಗಿನಿಂದ ಗುಂಡಿ ಒತ್ತಿ ಇಂಜಿನ್ನು ಬಿಟ್ಟಳು, ಬೇಕೆಂದೇ ತಮ್ಮನ ಕೈ ತೆಗೆದಳು ಎಂದು ಅವನ ಮಾತು. ಕಾರವಾರದಲ್ಲಿ ಕೂತು ದೀಪ ಆರಿಸುತ್ತಾರೆ ಎಂದು ನಾನೇ ಊರೆಲ್ಲ ಹೇಳಿಕೊಂಡು ತಿರುಗಿದ್ದೆನಲ್ಲ, ನಂಬುವವರು ನಂಬಿದರು.

ಚೌತಿ ಮುಗಿದ ಮೇಲೆ ಬುದವಂತನ ಅಂಗಳದಲ್ಲಿ ಕೂಟ ಕೂಡಿತು. ಬುದವಂತ ಅಂದರೆ ನಮ್ಮಲ್ಲಿ ಜಾತಿಯ ನ್ಯಾಯ ಹೇಳುವ ಹಿರಿಯ. ದಾಮು ಬಂದಿದ್ದ, ತೆಳ್ಳಗಾಗಿದ್ದ, ತೋಳಿನ ಬಟ್ಟೆ ಖಾಲಿ ಜೋಲುತ್ತಿತ್ತು. ಹೆಂಗಸರೆಲ್ಲ ಅದನ್ನು ನೋಡಿ ಚ್ಚು ಚ್ಚು ಅಂದರು. ರೇಣುವಿನ ಬಾಯಿಯನ್ನು ಯಾರೂ ನೋಡಲಿಲ್ಲ.

ಬುದವಂತ ಕೇಳಿದ, "ಶೇವಂತಿ, ದೇವ್ರ ಮುಂದೆ ಹೇಳು. ಗುಂಡಿ ಒತ್ತಿದ್ಯಾ?"

ವಿನಾಯಕನನ್ನು ಕರೆಸಿದ್ದೆ. ಅವನು ಎದ್ದು, ಒಳಗೆ ಅಂಥ ಗುಂಡಿಯೇ ಇಲ್ಲ, ಹೊರಗಿನ ಹಿಡಿಕೆ ಎಳೆದವನೇ ಇಂಜಿನ್ನನ್ನು ಎಬ್ಬಿಸಿದ್ದು ಎಂದು ಬಿಡಿಸಿ ಹೇಳಿದ. ಅರ್ಧ ಜನಕ್ಕೆ ತಿಳಿಯಿತು. ಮೋಹನ, "ಕಂಪನಿಯವ್ರು ಅವಳ ಕಡೆಯೇ," ಅಂದ.

ನಾನು ಹೇಳಿದೆ, "ಗುಂಡಿ ಇರ್ಲಿಲ್ಲ. ಇದ್ದಿದ್ರೆ ಒತ್ತುತ್ತಿದ್ದೆ. ಬರ್ಕೊಳ್ಳಿ."

ಗಲಾಟೆ ಎದ್ದಿತು. ಮೋಹನ ಕೋಲು ಎತ್ತಿದ, ಇಬ್ಬರು ಹಿಡಿದರು. ಬುದವಂತ ಎಲ್ಲರನ್ನೂ ಕೂರಿಸಿ ತೀರ್ಮಾನ ಹೇಳಿದ. ಇಬ್ಬರದೂ ಪೆಟ್ಟು ಸಮ ಆಯಿತು, ಗಂಡನಿಗೆ ಈಗ ಉಣ್ಣಿಸಲು ಜನ ಬೇಕು, ಹುಟ್ಟುವ ಕೂಸಿಗೆ ಅಪ್ಪ ಬೇಕು, ಹುಡುಗಿ ಹೋಗಬೇಕು. ನಮ್ಮಲ್ಲಿ ಮುರಿದ ಸಂಸಾರ ಕೂಡಿಸುವ ಕ್ರಮ ಒಂದಿದೆ. ಗಂಡ ಬಲಗೈಯಲ್ಲಿ ಎಲೆ ಅಡಿಕೆಯ ಕವಳ ಕೊಡಬೇಕು, ಹೆಂಡತಿ ತೆಗೆದುಕೊಂಡು ಬಾಯಿಗೆ ಹಾಕಬೇಕು. ಹಾಕಿದರೆ ಹಳೆಯದೆಲ್ಲ ಮುಗಿಯಿತು, ಆಮೇಲೆ ಯಾರೂ ಅದರ ಮಾತೆತ್ತುವಂತಿಲ್ಲ. ದಾಮುವಿಗೆ ಬಲಗೈ ಇಲ್ಲ. ಎಡಗೈ ಆದೀತು ಎಂದು ಹಿರಿಯರು ಒಪ್ಪಿಕೊಂಡರು.

ಅವನು ಎಲೆ ಅಡಿಕೆಯನ್ನು ಎಡಗೈಯಲ್ಲಿ ಚಾಚಿದ.

"ತಕಾ ತಂಗಿ," ಅಂದ ಬುದವಂತ. "ಇನ್ನು ಅವ ಎಂತ ಹೊಡೀತ? ಕೈಯೇ ಇಲ್ಲ."

ರೇಣು ಎದ್ದು ನಿಂತಳು. ಹೊಟ್ಟೆ ಆಗ ಕಾಣುವಷ್ಟು ಬಂದಿತ್ತು. ನಾನು ಬಾಯಿ ತೆರೆದೆ, ಅವಳು ನನ್ನ ಕೈ ಒತ್ತಿ ಸುಮ್ಮನಾಗಿಸಿದಳು. ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಾಗಿ ಬರುತ್ತಿತ್ತು, ಆದರೂ ಎಲ್ಲರಿಗೂ ಕೇಳಿತು.

"ಹೋದ ವರ್ಷದ ಕೂಸು ಸತ್ತದ್ದು ಕಾಲಲ್ಲಿ," ಅಂದಳು. "ಕಾಲು ಎರಡೂ ಅವೆ."

ಕವಳ ತೆಗೆದುಕೊಳ್ಳದೆ ನಡೆದಳು. ನಾನು ಹಿಂದೆ ನಡೆದೆ. ಮೋಹನ ಏನೋ ಕೂಗಿದ, ಆದರೆ ಯಾರೂ ಕಲ್ಲು ಎತ್ತಲಿಲ್ಲ. ಆ ಮೇಲೆ ಕೇರಿ ನಮ್ಮನ್ನು ಮದುವೆ ಮುಂಜಿಗೆ ಕರೆಯುವುದು ನಿಲ್ಲಿಸಿತು. ಮೀನು ಮಾತ್ರ ಕೊಳ್ಳುತ್ತಿದ್ದರು. ನಾವು ಅಮದಳ್ಳಿ ಬಿಟ್ಟು ಶಿರವಾಡದಲ್ಲಿ ಒಂದು ಕೋಣೆ ಹಿಡಿದೆವು.

ಮಾಘದ ಚಳಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ಸುಗ್ಗಿಯ ಹೊತ್ತಿಗೆ ದಾಮು ಹುಡುಕಿಕೊಂಡು ಬಂದ, ಒಬ್ಬನೇ. ಬಾಗಿಲು ಬಡಿಯಲಿಲ್ಲ, ಕಿಟಕಿಯ ಹೊರಗೆ ನಿಂತ. ನಾನು ಒಲೆಯ ಹತ್ತಿರದ ಸೌದೆಗೆ ಕೈ ಹಾಕಿದೆ. ರೇಣು ಬೇಡ ಎಂದು ತಲೆಯಾಡಿಸಿ ಕೂಸನ್ನು ಎತ್ತಿಕೊಂಡು ಬಂದಳು. ಸರಳಿನಿಂದ ಅವನ ಕೈ ತಲುಪದಷ್ಟು ದೂರ ನಿಂತು ತೋರಿಸಿದಳು.

ಅವನು ಸರಳು ಹಿಡಿದು ಬಗ್ಗಿ ನೋಡಿದ. "ಯಾರ ಹಾಂಗೆ ಅದೆ?" ಕೇಳಿದ.

"ಅದ್ರ ಹಾಂಗೆ ಅದು ಅದೆ."

"ಮತ್ತೆ ಬರ್ಲಾ?"

"ಬರೂದು ನಿನ್ನ ಖುಷಿ. ಬಾಗ್ಲು ತೆಗೆಯೂದು ನನ್ನ ಖುಷಿ."

ಅವನು ತಿರುಗಿ ಹೋದ. ಕೂಸು ಹಸಿವಾಗಿ ಅಳತೊಡಗಿತು. ರೇಣು ಬಾಗಿಲಿಗೆ ಬೆನ್ನು ಹಾಕಿ ಕೂತು ಹಾಲು ಕೊಟ್ಟಳು. ಮದುವೆಯಾದ ಮೇಲೆ ಅವಳು ಹಾಗೆ ಬಾಗಿಲಿಗೆ ಬೆನ್ನು ಹಾಕಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.